ಕೊಟ್ರಪ್ಪ ಮಾಸ್ತರರ ಖಾನಗಿ ಸಾಲಿ

ಕೊಟ್ರಪ್ಪನ ಹೆಸರಿಗೆ ಮಾಸ್ತರ ಎಂಬ ಮಾತು ಅಂಟುವ ಮೊದಲು ಅವನು ಕರಿಬೆಂಚಿಯ ಹಂಪಣ್ಣ ಸಾಹುಕಾರರ ವಖಾರಿಯಲ್ಲಿ ಹತ್ತಿ ತೂಗುತ್ತಿದ್ದ. ಕರಿಬೆಂಚಿ ಅಳವಂಡಿಯಿಂದ ಎರಡು ಹರದಾರಿ ದೂರ, ಎರೆಭೂಮಿಯ ನಡುವಿನ ಊರು. ಕೊಟ್ರಪ್ಪನ ಅಪ್ಪ ಸಣ್ಣ ರೈತ. ಮಗ ಕಚೇರಿಯಲ್ಲಿ ಕೂರುವಂತಾಗಲಿ ಎಂದು ಕೊಪ್ಪಳಕ್ಕೆ ಓದಲು ಕಳಿಸಿದ್ದ. ಆಗ ನಿಜಾಮರ ಆಳ್ವಿಕೆ. ದೊಡ್ಡ ಶಾಲೆಯಲ್ಲಿ ಲೆಕ್ಕ, ಚರಿತ್ರೆ, ಭೂಗೋಳ ಎಲ್ಲವೂ ಉರ್ದುವಿನಲ್ಲಿ. ಕೊಟ್ರಪ್ಪ ಬಾಯಲ್ಲೇ ಎಂಥ ಗುಣಾಕಾರವನ್ನಾದರೂ ಮಾಡುತ್ತಿದ್ದ, ಆದರೆ ಪರೀಕ್ಷೆಯ ಹಾಳೆಯಲ್ಲಿ ಏನು ಕೇಳಿದ್ದಾರೆ ಎಂಬುದೇ ತಿಳಿಯುತ್ತಿರಲಿಲ್ಲ. ಒಂದೇ ತರಗತಿಯಲ್ಲಿ ಮೂರು ಸಲ ನಪಾಸಾಗಿ ಊರಿಗೆ ಬಂದ.

ನಪಾಸಾದದ್ದಕ್ಕಿಂತ ಒಂದು ದಿನದ ಸಂಗತಿ ಅವನನ್ನು ಹೆಚ್ಚು ಸುಟ್ಟಿತ್ತು. ಬೇಸಿಗೆಯ ಮುಂಜಾನೆ, "ನೀರು ಕುಡದ ಬರ್ತೀನ್ರಿ" ಎಂದು ಕನ್ನಡದಲ್ಲಿ ಕೇಳಿದ. ಉರ್ದುವಿನಲ್ಲಿ ಕೇಳು ಎಂದರು ಮಾಸ್ತರರು. ಅವನಿಗೆ ಬರಲಿಲ್ಲ. ಮಾತು ಬರುವವರೆಗೆ ಹೊರಗೆ ನಿಲ್ಲು ಎಂದು ಬಾಗಿಲಾಚೆ ಕಳಿಸಿದರು. ಮಧ್ಯಾಹ್ನದ ಗಂಟೆಯವರೆಗೆ ಅವನು ಬಿಸಿಲಲ್ಲಿ ನಿಂತಿದ್ದ. ಒಳಗಿನ ಹುಡುಗರು ಕಿಟಕಿಯಿಂದ ನೋಡಿ ನಗುತ್ತಿದ್ದರು. ಈ ಕಥೆಯನ್ನು ಕೊಟ್ರಪ್ಪ ಹತ್ತಿ ತರುವ ರೈತರಿಗೆಲ್ಲ ಹೇಳುತ್ತಿದ್ದ.

ಹಂಪಣ್ಣ ಸಾಹುಕಾರರು ಅದನ್ನು ಎಷ್ಟೋ ಸಲ ಕೇಳಿದ್ದರು. ಅವರ ಮಗನೂ ಓದುವ ವಯಸ್ಸಿಗೆ ಬಂದಿದ್ದ. ೧೯೩೮ರ ದೀಪಾವಳಿ ಮುಗಿದ ಮೇಲೆ ಒಂದು ದಿನ, "ಕೊಟ್ರಪ್ಪ, ತಕ್ಕಡಿ ಬ್ಯಾರೆಯವ್ರು ಹಿಡೀತಾರ. ನೀ ನಮ್ಮ ಹುಡುಗರಿಗೆ ಕನ್ನಡದಾಗ ನಾಕಕ್ಷರ ಹೇಳು. ವಖಾರಿ ಅರ್ಧ ಬಿಟ್ಟುಕೊಡ್ತೀನಿ" ಎಂದರು. ಹೀಗೆ ಸರ್ಕಾರದ್ದಲ್ಲದ, ಊರವರೇ ನಡೆಸುವ ಖಾನಗಿ ಸಾಲಿ ಹುಟ್ಟಿತು. ಹತ್ತೊಂಬತ್ತು ಹುಡುಗರು ಸೇರಿದರು. ಲಿಂಗವಂತರು, ಕುರುಬರು, ಒಬ್ಬ ಬಡಿಗೇರ, ಪಿಂಜಾರರ ಇಬ್ಬರು. ಸಾಹುಕಾರರ ಮನೆಯಿಂದ ಕೆಂಪು ಪಟ್ಟೆಯ ಜಮಖಾನ ಬಂತು. ಎಲ್ಲರೂ ಅದರ ಮೇಲೆ ಕೂತು ಪಾಟಿಯ ಮೇಲೆ ತಿದ್ದಿದರು.

ಶನಿವಾರ ಮಧ್ಯಾಹ್ನ ಕೊಟ್ರಪ್ಪ ಪುಸ್ತಕ ಮುಚ್ಚಿಸಿ ನೀತಿಪಾಠ ಹೇಳುತ್ತಿದ್ದ. ಅದು ಯಾವ ಪುಸ್ತಕದಲ್ಲೂ ಇಲ್ಲದ, ಅವನೇ ಕಟ್ಟಿದ ಪಾಠ. "ನೀರಿಗೆ ನಾವು ನೀರು ಅಂತೀವಿ, ಸಾಬರು ಪಾನಿ ಅಂತಾರ, ಗಂಗಾವತಿ ಕಡೆ ತೆಲುಗರು ನೀಳ್ಳು ಅಂತಾರ. ಏನ ಅಂದ್ರೂ ಕುಡದ ಮ್ಯಾಲ ಎಲ್ಲಾರ ನೀರಡಿಕಿನೂ ಹೋಗ್ತೈತಿ. ಯಾವ ಮಾತೂ ಮ್ಯಾಲಿಂದಲ್ಲ, ಯಾವುದೂ ಕೆಳಗಿಂದಲ್ಲ" ಎನ್ನುತ್ತಿದ್ದ. ಪಿಂಜಾರರ ಹುಡುಗರಿಂದ ಅವರ ಮನೆಯ ಹಬ್ಬದ ಅಡುಗೆಯ ಹೆಸರು ಹೇಳಿಸುತ್ತಿದ್ದ, ಕುರುಬರ ಹುಡುಗನಿಂದ ಕುರಿಗಳ ಬಣ್ಣಕ್ಕೊಂದೊಂದು ಹೆಸರು ಹೇಳಿಸುತ್ತಿದ್ದ. ಹುಡುಗರಿಗೆ ಶನಿವಾರವೆಂದರೆ ಪ್ರೀತಿ. ಹತ್ತಾರು ಹಳ್ಳಿಗಳ ಶಾಲೆಗಳಲ್ಲಿ ಛಡಿಯೊಂದೇ ಮಾತಾಡುತ್ತಿದ್ದ ಕಾಲದಲ್ಲಿ ಅದೊಂದು ಒಳ್ಳೆಯ ಶಾಲೆ ಎಂಬುದರಲ್ಲಿ ಅನುಮಾನವಿಲ್ಲ.

ಎರಡು ತಿಂಗಳಾಗಿರಲಿಲ್ಲ, ಯಾರೋ ಮೇಲಿನವರಿಗೆ ಬರೆದರು. ಅನುಮತಿ ಇಲ್ಲದೆ ಶಾಲೆ ನಡೆಸುವಂತಿಲ್ಲ, ಬಾಗಿಲು ಮುಚ್ಚಿ ಎಂದು ನೋಟೀಸು ಬಂತು. ಕೊಟ್ರಪ್ಪ ರಾಯಚೂರಿಗೆ ಅರ್ಜಿ ಬರೆದ. 'ತಾಯಿಯ ಮಾತು ಬಿಟ್ಟು ಬೇರೆ ಮಾತು ಬರದ ಮಕ್ಕಳನ್ನು ವಿದ್ಯೆಯ ಬಾಗಿಲಿನಿಂದ ಹೊರಗೆ ನಿಲ್ಲಿಸುವುದು ಅನ್ಯಾಯ' ಎಂಬ ಸಾಲನ್ನು ಮೂರು ಸಲ ತಿದ್ದಿ ಬರೆದ. ಉತ್ತರ ಬಂತು: ಇಂತಹ ದಿನ ಶಿಕ್ಷಣ ಇಲಾಖೆಯ ಸಾಹೇಬರು ಬರುತ್ತಾರೆ. ಕನ್ನಡ ಕಲಿಯಬೇಕೆನ್ನುವ ಮಕ್ಕಳು ಮೂವತ್ತಕ್ಕೆ ಕಡಿಮೆ ಇಲ್ಲದಂತೆ ಕಣ್ಣಿಗೆ ಬಿದ್ದರೆ ಇಜಾಜತ್, ಅಂದರೆ ಅನುಮತಿ, ಕೊಡುತ್ತಾರೆ, ಇಲ್ಲವಾದರೆ ಇಲ್ಲ.

ಇದ್ದವರು ಹತ್ತೊಂಬತ್ತು. ಕೊಟ್ರಪ್ಪ ಮನೆಮನೆ ತಿರುಗಿದ. ಸುಗ್ಗಿಯ ದಿನ, ಹುಡುಗರೆಲ್ಲ ಹೊಲದಲ್ಲಿ. ಹೆಣ್ಣುಮಕ್ಕಳನ್ನು ಕಳಿಸಿ ಎಂದರೆ ನಕ್ಕರು. ಒಬ್ಬರೂ ಹೆಚ್ಚಾಗಲಿಲ್ಲ. ಆಗ ಹಂಪಣ್ಣ ಸಾಹುಕಾರರೇ ಹೇಳಿದರು:

"ಕೇರಿಗೆ ಹೋಗು. ಅಲ್ಲೇನ್ ಹುಡುಗರಿಗೆ ಬರ ಬಂದೈತೇನು?"

ಕೊಟ್ರಪ್ಪ ಅವರ ಮುಖ ನೋಡಿದ. "ನೀವು ಒಪ್ತೀರೇನ್ರಿ ಸಾವ್ಕಾರ್ರ?"

"ನಾ ಹೇಳಾಕತ್ತೀನಲ್ಲ. ಸಾಲಿ ಉಳೀಬೇಕು."

ಕೊಟ್ರಪ್ಪನಿಗೆ ಎಷ್ಟು ಸಂತೋಷವಾಯಿತೆಂದರೆ ಅವರು ಮತ್ತೇನಾದರೂ ಹೇಳುತ್ತಾರೋ ಎಂದು ಕಾಯಲೂ ಇಲ್ಲ.

ಮಾದಿಗರ ಕೇರಿ ಊರ ಕೆಳಗೆ, ಹಳ್ಳದ ದಂಡೆಯಲ್ಲಿ. ಅಲ್ಲಿಯ ಹಿರಿಯ ಪಕೀರಪ್ಪ. ಊರಿನ ಎಲ್ಲ ಬಾವಿಗಳಿಗೆ ನೀರೆತ್ತುವ ಕಪಿಲೆಯ ಚರ್ಮದ ಚೀಲ ಹೊಲಿಯುವವನು ಅವನೇ. ಕೊಟ್ರಪ್ಪ ಹೋದಾಗ ಅವನು ತೊಗಲನ್ನು ನೆನೆಹಾಕುತ್ತಿದ್ದ. ಎದ್ದು ದೂರ ಸರಿದು ನಿಂತ.

"ಪಕೀರ, ನಿಮ್ಮ ಹುಡುಗರನ್ನ ಸಾಲಿಗೆ ಕಳಸು" ಎಂದ ಕೊಟ್ರಪ್ಪ.

"ಯಾವ ಸಾಲಿಗ್ರೀ?"

"ನಮ್ಮ ಸಾಲಿಗೆ. ವಖಾರಿಗೆ."

ಪಕೀರಪ್ಪ ಕೈಯನ್ನು ದಟ್ಟಿಗೆ ಒರೆಸಿಕೊಂಡ. ಸುದ್ದಿ ಅವನಿಗೂ ತಲುಪಿತ್ತು. "ಸಾಹೇಬ ಬರ್ತಾನಂತಲ್ರಿ."

"ಬರ್ತಾರ."

"ಸಾಹೇಬ ಹ್ವಾದ ಮ್ಯಾಲ?"

ಕೊಟ್ರಪ್ಪನಿಗೆ ಸಿಟ್ಟು ಬಂತು. ತನ್ನನ್ನು ಹಂಪಣ್ಣ ಸಾಹುಕಾರರಂಥವರ ಜೊತೆ ಸೇರಿಸಿದನಲ್ಲ ಎಂಬ ಸಿಟ್ಟು. "ನಾನೂ ಹೊರಗ ನಿಂತು ಬಂದಾವ ಅದೀನಿ, ಪಕೀರ. ಹೊರಗ ನಿಂದ್ರಸೂದು ಏನಂತ ನನಗ ಗೊತ್ತೈತಿ. ನನ್ನ ಸಾಲ್ಯಾಗ ಯಾರನ್ನೂ ಹಂಗ ನಿಂದ್ರಸಂಗಿಲ್ಲ. ಇದು ನನ್ನ ಮಾತು."

ಪಕೀರಪ್ಪ ಗುಡಿಸಲ ಕಡೆ ತಿರುಗಿ, "ಗಾಳೆವ್ವಾ, ಬಾ ಇಲ್ಲೆ" ಎಂದು ಕೂಗಿದ. ಒಂಬತ್ತು ವರ್ಷದ ಹುಡುಗಿ ಬಂತು. ಮೊಮ್ಮಗಳು. ಅಪ್ಪ ಪ್ಲೇಗಿನಲ್ಲಿ ಹೋಗಿದ್ದ. "ಇಕೀನ್ನ ಮೊದಲ ಬರಕೋರಿ. ಇಕಿ ಭಾಳ ಕೇಳ್ತಾಳ, ನನಗ ಹೇಳಾಕ ಬರಂಗಿಲ್ಲ" ಎಂದ. ಗಾಳೆಮ್ಮನ ಹಿಂದೆ ಇನ್ನೂ ಹನ್ನೊಂದು ಹೆಸರು ಬರೆದದ್ದಾಯಿತು.

ಸಾಹೇಬರು ಬರಲು ಮೂರು ವಾರವಿತ್ತು. ಅಷ್ಟರಲ್ಲಿ ಹನ್ನೆರಡು ಮಕ್ಕಳಿಗೂ ಅಕ್ಷರ ಬರಬೇಕಿತ್ತು. ದಿನವೂ ಸಂಜೆ ಕೊಟ್ರಪ್ಪ ಕೇರಿಯ ಬೇವಿನ ಮರದ ಕೆಳಗೆ ಹೋಗಿ ಕಲಿಸಿದ. ವಖಾರಿಗೆ ಈಗಲೇ ಯಾಕೆ ಕರೆಯಬಾರದು ಎಂದು ಅವನು ಕೇಳಿಕೊಳ್ಳಲಿಲ್ಲ. ಗಾಳೆಮ್ಮ ಎಂಟು ದಿನಕ್ಕೆ ಕಾಗುಣಿತ ಮುಗಿಸಿದಳು. ಒಂದು ಸಲ ಬರೆದದ್ದನ್ನು ಅಳಿಸಲು ಬಿಡುತ್ತಿರಲಿಲ್ಲ, ಮನೆಗೆ ಹಾಗೇ ಒಯ್ದು ಅಜ್ಜನಿಗೆ ತೋರಿಸಬೇಕು. ಮನೆಗೆ ಬಂದು ಕೊಟ್ರಪ್ಪ ಆ ಹುಡುಗಿಯ ಮಾತೇ ಆಡುತ್ತಿದ್ದ. ಹೆಂಡತಿ ವಿರೂಪಾಕ್ಷಮ್ಮ ಕೇಳಿಸಿಕೊಳ್ಳುತ್ತಲೇ ಹಿತ್ತಲ ಬಾಗಿಲು ತೋರಿಸುತ್ತಿದ್ದಳು. ಅವನು ಅಲ್ಲಿ ಮೈಮೇಲೆ ನೀರು ಹಾಕಿಕೊಂಡು ಒಳಗೆ ಬರುತ್ತಿದ್ದ. ಇಪ್ಪತ್ತೊಂದು ದಿನವೂ ಹಾಗೆಯೇ ಮಾಡಿದ.

ಮಾಘ ಮಾಸದ ಒಂದು ಸೋಮವಾರ ಸಾಹೇಬರು ಟಾಂಗಾದಲ್ಲಿ ಬಂದಿಳಿದರು. ಹೆಸರು ಹೈದರಸಾಬ. ನರೆತ ಗಡ್ಡ, ಕಪ್ಪು ಶೇರ್ವಾನಿ, ಕಡಿಮೆ ಮಾತು. ವಖಾರಿಯಲ್ಲಿ ಜಮಖಾನದ ಮೇಲೆ ಮೂವತ್ತೊಂದು ಮಕ್ಕಳು ಕೂತಿದ್ದರು. ಕೇರಿಯ ಮಕ್ಕಳಿಗೆ ಸಾಹುಕಾರರು ತಲೆಗೆ ಎಣ್ಣೆ, ಮೈಗೆ ಒಗೆದ ಅಂಗಿ ಕೊಡಿಸಿದ್ದರು. ಕೊಟ್ರಪ್ಪ ಕೈಮುಗಿದು ಸಣ್ಣ ಭಾಷಣ ಮಾಡಿದ. ಒಂದೇ ಜಮಖಾನ, ಎಲ್ಲ ಜಾತಿ, ಎಲ್ಲ ಮತ, ಒಂದೇ ಕನ್ನಡ ಎಂದ. ಹೇಳುವಾಗ ಅವನ ಕಣ್ಣು ನಿಜವಾಗಿಯೂ ತುಂಬಿದ್ದವು.

ಹೈದರಸಾಬರು ಕನ್ನಡದಲ್ಲೇ ಉತ್ತರಿಸಿದರು. "ನಮ್ಮವ್ವನೂ ಕನ್ನಡದಾಗನ ಬೈತಿದ್ಳು ಮಾಸ್ತರ. ಆದ್ರ ಕಾನೂನು ಕಾನೂನ." ಒಬ್ಬೊಬ್ಬರನ್ನೇ ನಿಲ್ಲಿಸಿ ಹೆಸರು ಕೇಳಿದರು, ಓದಿಸಿದರು. ಗಾಳೆಮ್ಮ ಎಡವದೆ ಓದಿದಳು. ಸಾಹೇಬರು ಅವಳನ್ನೂ, ಅವಳ ಪಕ್ಕದ ಸಾಹುಕಾರರ ಮಗನನ್ನೂ, ಅವರಿಬ್ಬರ ನಡುವಿನ ಒಂದು ಮೊಳ ಜಾಗವನ್ನೂ ನೋಡಿದರು.

"ದಿನಾ ಎಲ್ಲಿ ಕುಂದರ್ತಿ ಬೇಟಿ?"

ಗಾಳೆಮ್ಮ ಮಾಸ್ತರರ ಕಡೆ ನೋಡಿದಳು. ಹೀಗೆ ಕೇಳಿದರೆ ಹೀಗೆ ಹೇಳಬೇಕು ಎಂದು ಬೇವಿನ ಮರದ ಕೆಳಗೆ ಕೊಟ್ರಪ್ಪ ಹೇಳಿಕೊಟ್ಟಿದ್ದ.

"ಇಲ್ಲೇ ರೀ" ಎಂದಳು.

ಸಾಹೇಬರು ಕಾಗದದ ಮೇಲೆ ಮೂವತ್ತೊಂದು ಎಂದು ಬರೆದು ಸಹಿ ಹಾಕಿದರು.

ಮರುದಿನ ಮುಂಜಾನೆ ಕೊಟ್ರಪ್ಪ ಬರುವ ಹೊತ್ತಿಗೆ ವಖಾರಿಯ ನೆಲವನ್ನು ಸೆಗಣಿಯಿಂದ ಸಾರಿಸಿದ್ದರು. ಜಮಖಾನ ಹಳ್ಳಕ್ಕೆ ಒಗೆಯಲು ಹೋಗಿತ್ತು. ಹನ್ನೆರಡು ಮಕ್ಕಳು ಪಾಟಿ ಹಿಡಿದುಕೊಂಡು ಅಂಗಳದಲ್ಲಿ ನಿಂತಿದ್ದರು, ಬಾಗಿಲಲ್ಲಿ ಹಂಪಣ್ಣ ಸಾಹುಕಾರರು.

"ಇವ್ರನ್ನ ಹೊರಗ ಕಟ್ಟಿ ಮ್ಯಾಲ ಕುಂದ್ರಸು. ಅಲ್ಲಿಂದನೂ ಕೇಳಸ್ತೈತಿ."

"ಸಾವ್ಕಾರ್ರ, ನಾ ಮಾತು ಕೊಟ್ಟೀನ್ರಿ."

"ನಾ ಏನ್ ಕೊಟ್ಟಿಲ್ಲಲ್ಲ. ಇವ್ರು ಒಳಗ ಬಂದ್ರ ಹತ್ತೊಂಬತ್ತೂ ಮಂದಿ ಹೊರಗ ಹೋಗ್ತಾರ. ನನ್ನ ಮಗನ ಮೊದಲ ಹೋಗ್ತಾನ. ಆಮ್ಯಾಲ ಆ ಇಜಾಜತ್ ಏನ್ ಗ್ವಾಡಿಗೆ ಹಚ್ಚಿಕೊಂತೀಯೇನು?"

"ಉರ್ದು ಬರದವ್ರನ್ನ ಹೊರಗ ನಿಂದ್ರಸ್ತಾರಂತ ನಾವ ಅರ್ಜಿ ಬರದೀವಲ್ರಿ."

"ಅದು ಬ್ಯಾರೆ, ಇದು ಬ್ಯಾರೆ" ಎಂದರು ಸಾಹುಕಾರರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿಯದ ಹುಡುಗನಿಗೆ ಬುದ್ಧಿ ಹೇಳುವ ಹಾಗಿತ್ತು.

ಆ ಕ್ಷಣದಲ್ಲಿ ಕೊಟ್ರಪ್ಪ ಪಾಟಿ ಎಸೆದು ಕೇರಿಯ ಬೇವಿನ ಮರದ ಕೆಳಗೆ ಹೋಗಿಬಿಡಬಹುದಿತ್ತು. ಆ ಯೋಚನೆ ಅವನಿಗೆ ಬಂದಿತ್ತು ಕೂಡ. ಆದರೆ ಇಷ್ಟು ಕಷ್ಟದಿಂದ ಬಂದ ಶಾಲೆ. ತಿಂಗಳು ಎರಡು ತಿಂಗಳು ಹೋದರೆ ಊರವರ ಮನಸ್ಸು ಮೆತ್ತಗಾದೀತು. ನಿಧಾನಕ್ಕೆ ಒಬ್ಬೊಬ್ಬರನ್ನೇ ಒಳಗೆ ಕರೆದರಾಯಿತು. ಹೀಗೆ ತನಗೆ ತಾನೇ ಹೇಳಿಕೊಂಡು ಮಕ್ಕಳ ಕಡೆ ತಿರುಗಿದ. "ಸದ್ಯಕ್ಕ ಇಲ್ಲೇ ಕುಂದರ್ರಿ. ಗಾಳಿ ಛಲೋ ಬರ್ತೈತಿ" ಎಂದ.

ತಿಂಗಳುಗಳು ಹೋದವು. ಕಟ್ಟೆಗೆ ನೆರಳಿರಲಿಲ್ಲ. ಚೈತ್ರ ಬರುವಷ್ಟರಲ್ಲಿ ಐದು ಮಕ್ಕಳು ಬಿಟ್ಟರು. ಮಳೆ ಶುರುವಾದಾಗ ಪಾಟಿಗಳು ನೆನೆದು ಅಕ್ಷರ ಕರಗಿದವು, ಇನ್ನೂ ನಾಲ್ವರು ಬಿಟ್ಟರು. ಒಳಗಿನ ಹುಡುಗರು ಕಿಟಕಿಯಿಂದ ಬಳಪದ ಚೂರು ಎಸೆಯುತ್ತಿದ್ದರು. ಕೊಟ್ರಪ್ಪ ಗದರಿಸುತ್ತಿದ್ದ, ಹೊಡೆಯಲೂ ಹೊಡೆದ. ಆದರೆ ಕಿಟಕಿಯ ಆಚೆ ಈಚೆ ಎಂಬುದನ್ನು ತೆಗೆಯಲಿಲ್ಲ. ದಸರೆಯ ಬನ್ನಿ ಹಬ್ಬದ ಹೊತ್ತಿಗೆ ಕಟ್ಟೆಯ ಮೇಲೆ ಗಾಳೆಮ್ಮ ಒಬ್ಬಳೇ ಉಳಿದಳು. ಅಜ್ಜ ಬೇಡವೆಂದರೂ ಬರುತ್ತಿದ್ದಳು. ಕಿಟಕಿಯ ಕೆಳಗೆ ಗೋಡೆಗೆ ಬೆನ್ನು ಕೊಟ್ಟು ಕೂತು, ಒಳಗಿನವರಿಗೆ ಹೇಳಿದ್ದನ್ನು ತಾನೂ ಬರೆಯುತ್ತಿದ್ದಳು. ತಪ್ಪಿದ್ದರೆ ತಿದ್ದಲು ಕೊಟ್ರಪ್ಪ ಶಾಲೆ ಬಿಟ್ಟ ಮೇಲೆ ಹೊರಗೆ ಬರುತ್ತಿದ್ದ. ತಪ್ಪು ಇರುತ್ತಿದ್ದದ್ದು ಕಡಿಮೆ.

ಹೀಗೇ ಇನ್ನೊಂದು ವರ್ಷ ಕಳೆಯಿತು. ೧೯೪೦ರ ಕೊನೆಯ ಒಂದು ಶನಿವಾರ ಕೊಟ್ರಪ್ಪ ನೀತಿಪಾಠ ಹೇಳುತ್ತಿದ್ದ. ಭೇದ ಎಂದರೆ ಏನು ಎಂಬುದು ಆ ದಿನದ ಪಾಠ. ಕೊಪ್ಪಳದ ಶಾಲೆಯ ಕಥೆ ಹೇಳಿದ. ಬಿಸಿಲು, ಬಾಗಿಲು, ನೀರಡಿಕೆ, ನಗುತ್ತಿದ್ದ ಹುಡುಗರು.

"ನನ್ನ ತಪ್ಪೇನಿತ್ತು ಹೇಳ್ರಿ?"

"ಉರ್ದು ಬರ್ತಿರಲಿಲ್ರೀ" ಎಂದರು ಹುಡುಗರು ಒಂದೇ ದನಿಯಲ್ಲಿ.

"ಒಂದು ಭಾಷಾ ಬರಂಗಿಲ್ಲಂತ ಹುಡುಗನ್ನ ಹೊರಗ ನಿಂದ್ರಸೂದು ನ್ಯಾಯ ಏನು?"

"ಅಲ್ರೀ!"

ಆಗ ಕಿಟಕಿಯ ಕೆಳಗಿನಿಂದ ಗಾಳೆಮ್ಮನ ದನಿ ಬಂತು.

"ಮಾಸ್ತರ, ನಮಗ ಯಾವ ಭಾಷಾ ಬರಂಗಿಲ್ರೀ?"

ಅದು ಕೊಂಕಿನ ಮಾತಾಗಿರಲಿಲ್ಲ. ಅವಳು ಹನ್ನೊಂದು ವರ್ಷದ ಹುಡುಗಿ. ಎರಡು ವರ್ಷದಿಂದ ಹೇಳಿದ್ದನ್ನೆಲ್ಲ ಕಲಿತಿದ್ದಳು. ಇನ್ನೂ ಯಾವುದೋ ಒಂದು ಮಾತು ತನಗೆ ಬಾರದೆ ಉಳಿದಿದೆ, ಅದನ್ನೂ ಕಲಿತರೆ ಒಳಗೆ ಬರಬಹುದು ಎಂದು ನಿಜವಾಗಿಯೇ ಕೇಳಿದ್ದಳು. ದನಿಯಿಂದಲೇ ಕೊಟ್ರಪ್ಪನಿಗೆ ಅದು ಗೊತ್ತಾಯಿತು.

ಒಳಗೆ ಯಾರೋ ಒಬ್ಬ ಹುಡುಗ ಕಿಸಕ್ಕನೆ ನಕ್ಕ. ಉಳಿದವರೂ ನಕ್ಕರು. ಕೊಟ್ರಪ್ಪ ಕಿಟಕಿಯ ಕಡೆ ತಿರುಗಲಿಲ್ಲ.

"ಸುಮ್ಮನ ಬರಿ" ಎಂದ.

ಸೋಮವಾರ ಗಾಳೆಮ್ಮ ಬರಲಿಲ್ಲ. ಮಂಗಳವಾರವೂ ಇಲ್ಲ. ಕೊಟ್ರಪ್ಪ ಕೇರಿಗೆ ಹೋಗಿ ವಿಚಾರಿಸಬೇಕೆಂದುಕೊಂಡ. ಇವತ್ತು ನಾಳೆ ಎನ್ನುತ್ತ ಒಂದು ತಿಂಗಳಾಯಿತು, ಆಮೇಲೆ ಹೋಗಲು ಮುಖವೇ ಇರಲಿಲ್ಲ. ಎರಡು ವರ್ಷದ ಮೇಲೆ ಅವಳನ್ನು ಕುಷ್ಟಗಿಗೆ ಮದುವೆ ಮಾಡಿ ಕೊಟ್ಟರೆಂದು ಕಿವಿಗೆ ಬಿತ್ತು.

ಶಾಲೆ ನಡೆಯಿತು. ಹಂಪಣ್ಣ ಸಾಹುಕಾರರ ಮಗ ಧಾರವಾಡಕ್ಕೆ ಓದಲು ಹೋದ. ಸುತ್ತಿನ ಊರುಗಳಲ್ಲಿ ಕೊಟ್ರಪ್ಪ ಮಾಸ್ತರರ ಹೆಸರು ದೊಡ್ಡದಾಯಿತು. ಕನ್ನಡಕ್ಕಾಗಿ ಸರ್ಕಾರವನ್ನೇ ಎದುರು ಹಾಕಿಕೊಂಡವರು ಎಂದು ಸಭೆಗಳಲ್ಲಿ ಹಾರ ಹಾಕಿದರು. ಶನಿವಾರದ ಪಾಠ ಮಾತ್ರ ನಿಂತುಹೋಗಿತ್ತು. ಯಾಕೆಂದು ಯಾರೂ ಕೇಳಲಿಲ್ಲ, ಆ ಹೊತ್ತಿಗೆ ಮಗ್ಗಿ ಹೇಳಿಸುತ್ತಿದ್ದ. ನಲವತ್ತೇಳರ ಗಲಭೆಯಲ್ಲಿ ಶಾಲೆ ಮುಚ್ಚಿತು. ಸಾಹುಕಾರರೂ ಮಾಸ್ತರರೂ ನಿಜಾಮರ ಗಡಿ ದಾಟಿ ಮುಂಡರಗಿಯಲ್ಲಿ ನೆಂಟರ ಮನೆ ಸೇರಿದರು. ಮರುವರ್ಷ ನಿಜಾಮರ ಆಳ್ವಿಕೆ ಮುಗಿದ ಮೇಲೆ ಮರಳಿದರು. ಕರಿಬೆಂಚಿಗೆ ಸರ್ಕಾರಿ ಕನ್ನಡ ಶಾಲೆ ಬಂತು. ಕೊಟ್ರಪ್ಪನೇ ಮಾಸ್ತರ, ಹಂಪಣ್ಣ ಸಾಹುಕಾರರೇ ಶಾಲಾ ಪಂಚರ ಮುಖ್ಯಸ್ಥರು.

೧೯೪೯ರ ಮಳೆಗಾಲದ ಮೊದಲಲ್ಲಿ ಒಂದು ಸುತ್ತೋಲೆ ಬಂತು. ಜಾತಿಯ ಕಾರಣಕ್ಕೆ ಯಾವ ಮಗುವನ್ನೂ ಹೊರಗಿಡಬಾರದು, ಎಲ್ಲರನ್ನೂ ಒಟ್ಟಿಗೆ ಕೂರಿಸಬೇಕು ಎಂದು. ಕೊಟ್ರಪ್ಪ ಅದನ್ನು ಓದಿ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ನೆಟ್ಟಗೆ ಕೇರಿಗೆ ಹೋದ. ಈ ಸಲ ತನ್ನ ಹಿಂದೆ ಸರ್ಕಾರವೇ ಇದೆ ಎಂಬ ಧೈರ್ಯ.

ಪಕೀರಪ್ಪನ ಕಣ್ಣು ಮಂಜಾಗಿದ್ದವು. ಗುಡಿಸಲ ಮುಂದೆ ಕೂತಿದ್ದ.

"ಪಕೀರಪ್ಪನವರ, ನಮಸ್ಕಾರ" ಎಂದ ಕೊಟ್ರಪ್ಪ.

ಮುದುಕ ಅತ್ತಿತ್ತ ನೋಡಿದ, ಯಾರನ್ನು ಕರೆಯುತ್ತಿದ್ದಾರೆ ಎಂದು ತಿಳಿಯದೆ. ಆಮೇಲೆ ದನಿಯ ಗುರುತು ಹತ್ತಿತು.

"ಎಣಿಸಾಕ ಬಂದೀರೇನ್ರಿ ಮಾಸ್ತರ?"

ಕೊಟ್ರಪ್ಪ ಜೇಬಿಗೆ ಕೈ ಹಾಕಿದ. "ಇಲ್ಲ. ಈಗ ಹಂಗಿಲ್ಲ. ಸರ್ಕಾರನ ಬರದೈತಿ. ಮಕ್ಕಳನ್ನ ಒಳಗ ಕುಂದ್ರಸ್ತೀನಿ." ಜೇಬಿನಿಂದ ಕಾಗದ ತೆಗೆದ.

"ನನಗೇನ್ ತಿಳೀತೈತ್ರಿ. ಗಾಳೆವ್ವಗ ಕೊಡ್ರಿ, ಬಾಣಂತನಕ್ಕ ಬಂದಾಳ."

ಒಳಗಿನಿಂದ ಗಾಳೆಮ್ಮ ಬಂದಳು. ಇಪ್ಪತ್ತು ವರ್ಷದ ಹೆಂಗಸು, ಕಂಕುಳಲ್ಲಿ ಕೂಸು. ಕೊಟ್ರಪ್ಪ ಕಾಗದವನ್ನು ಅವಳ ಕೈಗೇ ಕೊಟ್ಟ. ಅವಳು ನಿಂತಲ್ಲೇ ದೊಡ್ಡದಾಗಿ ಓದಿದಳು, ಒಂದು ಅಕ್ಷರವೂ ತಪ್ಪದೆ. ಸುತ್ತಲಿನ ಗುಡಿಸಲಿನವರೂ ಬಂದು ಕೇಳಿಸಿಕೊಂಡರು. ಓದಿ ಮುಗಿಸಿ ಮೊದಲಿನ ಮಡಿಕೆಯಲ್ಲೇ ಮಡಚಿ ಹಿಂದಕ್ಕೆ ಕೊಟ್ಟಳು.

"ಅಕ್ಷರ ಛಲೋ ಅದಾವ್ರಿ" ಎಂದಳು. "ದುಂಡಗ ಅದಾವ."

"ಗಾಳೆಮ್ಮಾ, ಅವತ್ತು ನೀ ಕೇಳಿದ್ದು..." ಎಂದು ಕೊಟ್ರಪ್ಪ ಶುರು ಮಾಡಿದ.

"ನಾ ಏನ್ ಕೇಳಿದ್ನೋ ನನಗ ನೆನಪಿಲ್ರಿ. ಕೂಸಿಗೆ ಹಸದೈತಿ" ಎಂದು ಅವಳು ಒಳಗೆ ಹೋದಳು. ನೆನಪಿಲ್ಲ ಎಂಬುದು ಸುಳ್ಳು ಎಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಆ ವಾರ ಕೇರಿಯಿಂದ ಯಾರೂ ಬರಲಿಲ್ಲ. ಕೊಟ್ರಪ್ಪ ಮತ್ತೆರಡು ಸಲ ಹೋದ. ಪ್ರತಿ ಸಲವೂ ಅವರು ಗೌರವದಿಂದಲೇ ನಿಂತು ಮಾತಾಡಿದರು, ಮಕ್ಕಳನ್ನು ಮಾತ್ರ ಕೊಡಲಿಲ್ಲ.

ಶನಿವಾರ ಬಂತು. ಮಗ್ಗಿಯ ಹೊತ್ತಿನಲ್ಲಿ ಕೊಟ್ರಪ್ಪ ಹುಡುಗರಿಗೆ ಪುಸ್ತಕ ಮುಚ್ಚಿ ಎಂದ. ಒಂಬತ್ತು ವರ್ಷದ ಮೇಲೆ ಮತ್ತೆ ನೀತಿಪಾಠ. ಈ ಸಲ ಕೊಪ್ಪಳದ ಕಥೆ ಹೇಳಲಿಲ್ಲ. ಈ ಊರಿನ ಕಥೆ ಹೇಳಿದ. ಮೂವತ್ತಕ್ಕೆ ಹುಡುಗರು ಕಡಿಮೆ ಬಿದ್ದದ್ದು, ಕೇರಿಗೆ ಹೋಗಿ ಮಾತು ಕೊಟ್ಟದ್ದು, ಸಾಹೇಬರ ಮುಂದೆ ಒಂದು ಮಗುವಿನ ಬಾಯಲ್ಲಿ ಸುಳ್ಳು ಹೇಳಿಸಿದ್ದು, ಮರುದಿನ ಜಮಖಾನ ಒಗೆಸಿದ್ದು, ಕಟ್ಟೆ, ಮಳೆ, ಕಿಟಕಿ, ಗಾಳೆಮ್ಮ ಕೇಳಿದ ಮಾತು. ಸಾಹುಕಾರರ ಹೆಸರನ್ನೂ ಮುಚ್ಚಿಡಲಿಲ್ಲ, ತನ್ನ ಹೆಸರನ್ನೂ ಮುಚ್ಚಿಡಲಿಲ್ಲ. ಮನೆಗೆ ಹೋಗಿ ಹಿತ್ತಲಲ್ಲಿ ಮೈ ತೊಳೆದುಕೊಳ್ಳುತ್ತಿದ್ದದ್ದನ್ನೂ ಹೇಳಿದ. ಮಾಸ್ತರರು ತಮ್ಮನ್ನೇ ತಾವು ಬೈದುಕೊಳ್ಳುವುದನ್ನು ಹುಡುಗರು ಎಲ್ಲೂ ಕೇಳಿರಲಿಲ್ಲ.

"ಅಕಿ ಹಂಗ ಕೇಳಿದ್ದಕ್ಕ ನೀವೇನಂದ್ರಿ ಸರ?" ಎಂದ ಒಬ್ಬ ಹುಡುಗ, ಆದೆಪ್ಪ ಎಂಬವನು.

"ಸುಮ್ಮನ ಬರಿ ಅಂದೆ."

"ಹಂಗಂದ್ರ ಯಾವ ಭಾಷಾ ಬರ್ತಿರಲಿಲ್ರಿ ಅಕಿಗೆ?"

"ಎಲ್ಲಾ ಬರ್ತಿತ್ತೋ. ನಮಗ ನ್ಯಾಯ ಬರ್ತಿರಲಿಲ್ಲ."

ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಯಿತು. ಭಾನುವಾರ ಹಂಪಣ್ಣ ಸಾಹುಕಾರರು ಮನೆಗೇ ಬಂದರು, ಒಳಗೆ ಕೂರಲಿಲ್ಲ.

"ಮಕ್ಕಳ ಮುಂದ ಊರ ಮಾನ ಕಳದಿ."

"ಆದದ್ದನ್ನ ಹೇಳೀನ್ರಿ ಸಾವ್ಕಾರ್ರ."

"ಆದದ್ದನ್ನ ಹೇಳಾಕ ನಿನ್ನ ಇಟ್ಟಿಲ್ಲ. ಪುಸ್ತಕದಾಗ ಇದ್ದದ್ದನ್ನ ಹೇಳಾಕ ಇಟ್ಟೀವಿ." ಸ್ವಲ್ಪ ತಡೆದು, ನೊಂದ ದನಿಯಲ್ಲಿ, "ನಿನಗ ಸಾಲಿ ಕೊಟ್ಟಾವ ನಾ ಅದೀನಿ, ಕೊಟ್ರಪ್ಪ" ಎಂದರು. ಅದೂ ನಿಜವೇ ಆಗಿತ್ತು.

ಸೋಮವಾರ ಶಾಲೆಗೆ ಬಂದವರು ಏಳು ಜನ. ಪಂಚರು ಸಹಿ ಮಾಡಿದ ದೂರು ಮೇಲಕ್ಕೆ ಹೋಯಿತು. ಮಾಸ್ತರರು ಊರಲ್ಲಿ ಜಾತಿ ಜಾತಿಗಳ ನಡುವೆ ವೈಷಮ್ಯ ಬಿತ್ತುತ್ತಿದ್ದಾರೆ ಎಂದು ಅದರಲ್ಲಿ ಬರೆದಿತ್ತು. ಬರೆದವರು ಕೊಟ್ರಪ್ಪನ ಹಳೆಯ ವಿದ್ಯಾರ್ಥಿಗಳೇ. ಅಕ್ಷರ ನೋಡಿದರೇ ಗೊತ್ತಾಗುತ್ತಿತ್ತು, ದೀರ್ಘವನ್ನು ಹಾಗೆ ಎಳೆದು ಬರೆಯುವುದನ್ನು ಅವನೇ ಕಲಿಸಿದ್ದ. ವಿಚಾರಣೆಗೆ ಬಂದ ಅಧಿಕಾರಿ, "ನಿಮ್ಮ ಉದ್ದೇಶ ಒಳ್ಳೇದೇ ಇರಬಹುದು, ಆದರೆ ಶಾಂತಿ ಮುಖ್ಯ" ಎಂದ. ತಿಂಗಳೊಳಗೆ ಗಂಗಾವತಿ ತಾಲೂಕಿನ ಒಂದು ಸಣ್ಣ ಹಳ್ಳಿಗೆ ವರ್ಗವಾಯಿತು.

ವಿರೂಪಾಕ್ಷಮ್ಮ ಪಾತ್ರೆ ಕಟ್ಟುತ್ತ ಅತ್ತಳು. "ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಇದ್ರಿ. ಇನ್ನೊಂದೀಟು ವರ್ಷ ಇರಾಕ ಏನಾಗಿತ್ರಿ?" ಎಂದಳು. ಅವನು ಹಗ್ಗ ಬಿಗಿಯುವುದರಲ್ಲಿ ಅವಳ ಜೊತೆ ಕೈಜೋಡಿಸಿದ.

ಹೊರಡುವ ಹಿಂದಿನ ದಿನ ಪಕೀರಪ್ಪ ಕೋಲೂರಿಕೊಂಡು ಬಂದು ಮನೆಯಿಂದ ಹತ್ತು ಮಾರು ದೂರ ನಿಂತ. ಕೊಟ್ರಪ್ಪ ಹೊರಗೆ ಬಂದು, "ಕಟ್ಟಿ ಮ್ಯಾಲ ಕುಂದರ್ರಿ" ಎಂದ. ಮುದುಕ ಕೂರಲಿಲ್ಲ.

"ಮಾಸ್ತರ, ನೀವು ಸಾಲ್ಯಾಗ ಹೇಳಿದ್ದು ಕೇಳಿದೆ. ಛಲೋ ಆತು."

ಕೊಟ್ರಪ್ಪನ ಮುಖ ಅರಳಿತು.

"ನಿಮಗ ಛಲೋ ಆತು" ಎಂದ ಪಕೀರಪ್ಪ. "ಎದಿಯಾಗಿಂದು ಹೊರಗ ಬಂತು. ನಮಗೇನಾತ್ರಿ? ನೀವು ಗಂಗಾವತಿಗೆ ಹೊಂಟ್ರಿ. ಸಾವ್ಕಾರ್ರು ನಿನ್ನಿ ಹೇಳಿ ಕಳಿಸ್ಯಾರ, ಈ ವರ್ಷ ಬಾವಿ ಚೀಲಕ್ಕ ಅಳವಂಡಿಯಿಂದ ಬ್ಯಾರೆಯವ್ರನ್ನ ಕರಸ್ತೀವಿ ಅಂತ. ನಾ ಕಣ್ಣು ಕಾಣದಾವ, ಹೋಗ್ಲಿ. ಉಳದ ಒಬ್ಬ ಮಗ ಏನ್ ಮಾಡಬೇಕ್ರಿ?"

ಇದು ಕೊಟ್ರಪ್ಪನಿಗೆ ಹೊಳೆದೇ ಇರಲಿಲ್ಲ. ಒಳಗೆ ಹೋಗಿ ಏನಾದರೂ ತಂದುಕೊಡಲೇ ಎಂದು ನೋಡುವಷ್ಟರಲ್ಲಿ ಮುದುಕ ಹೊರಟಿದ್ದ.

ಹೊಸ ಊರು ತುಂಗಭದ್ರೆಯ ಸೀಮೆಯಲ್ಲಿತ್ತು. ಬಾಡಿಗೆ ಮನೆ, ಒಂದು ಕೋಣೆಯ ಶಾಲೆ. ಮೊದಲ ದಿನ ಊರಿನ ಹಿರಿಯ ಈಶಪ್ಪನವರು ಹೂವು ತಂದು ಮಾಸ್ತರರನ್ನು ಬರಮಾಡಿಕೊಂಡರು. ಒಳ್ಳೆಯ ಮನುಷ್ಯ, ಮೆಲುಮಾತಿನವರು. ಕೋಣೆಯಲ್ಲಿ ಇಪ್ಪತ್ತಾರು ಮಕ್ಕಳಿದ್ದರು. ಕೊಟ್ರಪ್ಪ ಒಬ್ಬೊಬ್ಬರ ಹೆಸರು ಕೇಳಿದ, ಮನೆತನ ಕೇಳಿದ. ಕೊನೆಗೆ ಈಶಪ್ಪನವರ ಕಡೆ ತಿರುಗಿದ.

"ಕೇರಿ ಮಕ್ಕಳು ಕಾಣವಲ್ರಲ್ರಿ?"

"ಅವ್ರಿಗೆ ಓದು ಬೇಕಿಲ್ರಿ ಮಾಸ್ತರ" ಎಂದರು ಈಶಪ್ಪನವರು. "ಎಷ್ಟ್ ಕರದ್ರೂ ಬರಂಗಿಲ್ಲ. ಆ ಮಂದಿನ ಹಂಗ."

ಕೊಟ್ರಪ್ಪ ಹಾಜರಿ ಪುಸ್ತಕ ತೆರೆದು ಹೆಸರು ಬರೆಯತೊಡಗಿದ. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಕೇರಿ ಯಾವ ಕಡೆ ಎಂದು ದಾರಿಯಲ್ಲಿ ಒಬ್ಬ ಹೆಂಗಸನ್ನು ಕೇಳಿಕೊಂಡು ಹೊರಟ. ಅಲ್ಲಿ ಹೋಗಿ ಏನು ಹೇಳಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಯಾವ ಮಾತನ್ನೂ ಕೊಡಬಾರದು ಎಂಬುದಷ್ಟೇ ಗೊತ್ತಿತ್ತು.